ಸಿಂಧೂ ನಾಗರಿಕತೆಯ ರುದ್ರಭೂಮಿಗಳು

ಒಂದು ಜನಾಂಗವು ಬದುಕಿದ ಬಗೆಯನ್ನು ಅದರ ಅರಮನೆ, ದೇವಾಲಯ, ಶಾಸನ, ಕಾವ್ಯಗಳಿಂದ ತಿಳಿಯುವುದು ಚರಿತ್ರಕಾರರ ರೂಢಿ. ಈ ಸಾಧನಗಳು ದೊರೆಯದೆಡೆಯಲ್ಲಿ, ಆ ಜನಾಂಗವು ತನ್ನ ಮೃತರನ್ನು ಕಳುಹಿಸಿಕೊಟ್ಟ ಬಗೆಯನ್ನು ವಿಚಾರಿಸಬೇಕಾಗುತ್ತದೆ. ಬದುಕಿರುವಾಗ ಮನುಷ್ಯನು ತನ್ನ ಮನೆಯನ್ನು ಹಲವು ಸಲ ಕೆಡವಿ ಕಟ್ಟಿಯಾನು. ಪಾತ್ರೆಪದಾರ್ಥಗಳನ್ನು ಮಾರಿಯಾನು, ಒಡೆದಾನು, ಎಸೆದಾನು. ಸತ್ತವನ ಪಕ್ಕದಲ್ಲಿ ಇಟ್ಟು ಮಣ್ಣು ಮುಚ್ಚಿದ ವಸ್ತುವಾದರೋ ಇಟ್ಟವರ ಮನಸ್ಸನ್ನು ತನ್ನೊಳಗೆ ಹಿಡಿದುಕೊಂಡು ಸಹಸ್ರಾರು ವರ್ಷ ಕಾದಿರುತ್ತದೆ. ಆದುದರಿಂದ ಪ್ರಾಕ್ತನ ಶೋಧಕರು ಸ್ಮಶಾನವನ್ನು ಅಮಂಗಲವೆಂದು ದೂರವಿಡದೆ ಅದನ್ನೊಂದು ಗ್ರಂಥಭಂಡಾರದಂತೆ ಭಾವಿಸುತ್ತಾರೆ. ಆ ಗ್ರಂಥವನ್ನು ಓದುವುದು ಮಾತ್ರ ಸುಲಭವಲ್ಲ. ಅದರಲ್ಲಿಲ್ಲದ ಅಕ್ಷರಗಳನ್ನು ಓದಿದವರೂ ಉಂಟು. ಇರುವ ಅಕ್ಷರಗಳನ್ನು ಬಿಟ್ಟವರೂ ಉಂಟು. ಸಿಂಧೂ ಕಣಿವೆಯ ರುದ್ರಭೂಮಿಗಳ ಶೋಧನೆಯ ನೂರು ವರ್ಷಗಳ ಕಥೆ ಇದಕ್ಕೆ ಉತ್ತಮವಾದ ನಿದರ್ಶನ.

ಕ್ರಿ. ಪೂ. ೨೬೦೦ರಿಂದ ೧೯೦೦ರವರೆಗೆ, ಸ್ಥೂಲವಾಗಿ ಏಳು ಶತಮಾನಗಳ ಕಾಲ, ಸಿಂಧೂ ನದಿಯ ಬಯಲು, ಪಂಜಾಬ, ಹರಿಯಾಣ, ರಾಜಸ್ಥಾನದ ಉತ್ತರಭಾಗ, ಕಚ್ಛ, ಸೌರಾಷ್ಟ್ರಗಳಲ್ಲಿ ಹರಡಿದ್ದ ಈ ನಾಗರಿಕತೆಯ ಲಿಪಿಯನ್ನು ಒಪ್ಪುವಂತೆ ಓದಿದವರು ಇನ್ನೂ ಇಲ್ಲ. ಅದರ ಅರಸರ ಹೆಸರು ತಿಳಿಯದು. ಅರಸರಿದ್ದರೇ ಎಂಬುದೂ ತಿಳಿಯದು. ಇಂತಿರುವಲ್ಲಿ ಅಲ್ಲಿಯ ಜನರು ಎಂಥವರು, ಉಚ್ಚನೀಚಭೇದವು ಎಷ್ಟಿತ್ತು, ಕೊನೆಗೆ ಅವರಿಗೆ ಏನಾಯಿತು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅವರ ಎಲುಬುಗಳಿಂದಲೇ ಕೇಳಬೇಕಾಗಿದೆ.

ರಾವೀ ನದಿಯ ಹಳೆಯ ಪಾತ್ರದ ದಂಡೆಯಲ್ಲಿ, ಇಂದಿನ ಪಾಕಿಸ್ತಾನದ ಸಾಹಿವಾಲ ಜಿಲ್ಲೆಯಲ್ಲಿರುವ ಹರಪ್ಪದ ದಿಬ್ಬಗಳನ್ನು ದಯಾರಾಮ ಸಾಹ್ನಿಯವರು ೧೯೨೧ರಲ್ಲಿ ಅಗೆಯಲಾರಂಭಿಸಿದರು. ಮರುವರ್ಷ ರಾಖಾಲದಾಸ ಬ್ಯಾನರ್ಜಿಯವರು ಸಿಂಧದ ಮೊಹೆಂಜೊದಾರೊದಲ್ಲಿ ಕೆಲಸವನ್ನು ತೊಡಗಿದರು. ೧೯೨೪ರಲ್ಲಿ ಸರ್ ಜಾನ್ ಮಾರ್ಷಲ್ ಅವರು ಈ ನಾಗರಿಕತೆಯ ಸುದ್ದಿಯನ್ನು ಲೋಕಕ್ಕೆ ಪ್ರಕಟಿಸಿದರು. ಆದರೆ ನಗರಗಳು ದೊರೆತಷ್ಟು ಬೇಗನೆ ನಾಗರಿಕರು ದೊರೆಯಲಿಲ್ಲ. ಮೊಹೆಂಜೊದಾರೊದಲ್ಲಿ ಬೀದಿಗಳು, ಬಾವಿಗಳು, ಚರಂಡಿಗಳು, ದೊಡ್ಡ ಸ್ನಾನಕುಂಡ ಎಲ್ಲವೂ ಬೆಳಕಿಗೆ ಬಂದರೂ ವ್ಯವಸ್ಥಿತವಾದ ರುದ್ರಭೂಮಿಯೊಂದು ಅಲ್ಲಿ ಕಂಡುಬರಲಿಲ್ಲ. ಮಾರ್ಷಲ್ಲರು ೧೯೩೧ರ ತಮ್ಮ ಗ್ರಂಥದಲ್ಲಿ, ದೊರೆತ ಅಲ್ಪ ಸಾಮಗ್ರಿಯನ್ನೇ ಆಧರಿಸಿ, ಸಂಸ್ಕಾರಗಳನ್ನು ಮೂರು ವಿಧವಾಗಿ ವಿಂಗಡಿಸಿದರು: ಇಡೀ ದೇಹವನ್ನು ಹೂಳುವುದು, ದೇಹವನ್ನು ಮೃಗಪಕ್ಷಿಗಳಿಗೆ ಒಡ್ಡಿ ಉಳಿದ ಎಲುಬುಗಳನ್ನು ಹೂಳುವುದು, ದಹನಮಾಡಿ ಬೂದಿಯನ್ನು ಕುಂಭದಲ್ಲಿಟ್ಟು ಹೂಳುವುದು.

ಹರಪ್ಪದಲ್ಲಿ ದೈವವು ಶೋಧಕರಿಗೆ ಹೆಚ್ಚು ಅನುಕೂಲವಾಯಿತು. ಅಲ್ಲಿ ಎರಡು ರುದ್ರಭೂಮಿಗಳು ದೊರೆತವು. ಮೊದಲನೆಯದನ್ನು ಮಾಧೋ ಸ್ವರೂಪ ವತ್ಸರು ಅಗೆದು ೧೯೪೦ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅದಕ್ಕೆ ‘ಎಚ್ ರುದ್ರಭೂಮಿ’ ಎಂದು ಹೆಸರು. ಎರಡನೆಯದನ್ನು ಕೆ. ಎನ್. ಶಾಸ್ತ್ರಿಗಳು ೧೯೩೭ರಲ್ಲಿ ಕಂಡುಹಿಡಿದರು. ಅದು ‘ಆರ್-೩೭’ ಎಂದು ಪ್ರಸಿದ್ಧವಾಗಿದೆ. ೧೯೪೬ರಲ್ಲಿ ಸರ್ ಮಾರ್ಟಿಮರ್ ವೀಲರರು ಈ ಎರಡರ ನಡುವಣ ನೆಲವನ್ನು ಕೊಯ್ದು ಪದರಗಳನ್ನು ಪರಿಶೀಲಿಸಿ, ಆರ್-೩೭ ಹಿಂದಿನದೆಂದೂ, ಅದರ ಮೇಲೆ ಕಸಮಣ್ಣು ದಪ್ಪವಾಗಿ ಶೇಖರವಾದ ಬಳಿಕವೇ ಎಚ್ ರುದ್ರಭೂಮಿ ಏರ್ಪಟ್ಟಿತೆಂದೂ ಸ್ಥಾಪಿಸಿದರು. ಅಂತು, ನಗರವು ಉಚ್ಛ್ರಾಯದಲ್ಲಿದ್ದಾಗಿನ ಜನರು ಒಂದರಲ್ಲಿ, ಅದು ಕುಗ್ಗಿದ ಮೇಲಿನ ಜನರು ಮತ್ತೊಂದರಲ್ಲಿ ಇದ್ದಾರೆ.

ಆರ್-೩೭ರಲ್ಲಿ ಶವವನ್ನು ತಲೆ ಉತ್ತರಕ್ಕೆ ಬರುವಂತೆ ಅಂಗಾತ, ಕಾಲು ಚಾಚಿ ಮಲಗಿಸುವುದು ವಾಡಿಕೆಯಾಗಿತ್ತು. ಕುಣಿಗಳು ೧೦ರಿಂದ ೧೫ ಅಡಿ ಉದ್ದ. ಒಂದು ದೇಹಕ್ಕೆ ಇಷ್ಟು ನೆಲವೇಕೆಂದರೆ, ಮಡಕೆಗಳಿಗಾಗಿ. ಸಾಮಾನ್ಯವಾಗಿ ೧೫-೨೦, ಕೆಲವೆಡೆಗಳಲ್ಲಿ ೪೦ರವರೆಗೂ ಪಾತ್ರೆಗಳು ಇದ್ದುವು: ನೀರಿನ ಕೊಡ, ಬೋಗುಣಿ, ಕುಡಿಕೆ, ಎತ್ತರವಾದ ಪೀಠವುಳ್ಳ ತಟ್ಟೆ. ಮೊದಲು ಕುಣಿಯ ತಳದಲ್ಲಿ ಪಾತ್ರೆಗಳನ್ನಿಟ್ಟು, ಅವುಗಳ ಮೇಲೆ ಮಣ್ಣು ಹರಡಿ, ಬಳಿಕ ದೇಹವನ್ನು ಇಳಿಸಿದ ಗುರುತುಗಳು ಕೆಲವು ಗೋರಿಗಳಲ್ಲಿವೆ. ಒಂದು ಗೋರಿಯಲ್ಲಿ ಮರದ ಪೆಟ್ಟಿಗೆಯ ಕಪ್ಪು ಗುರುತು ಮಣ್ಣಿನಲ್ಲಿ ಉಳಿದಿತ್ತು. ಪಕ್ಕಗಳು ಬೀಟೆಯವು, ಮುಚ್ಚಳ ದೇವದಾರುವಿನದು. ಒಳಗೆ ದೇಹಕ್ಕೆ ಜೊಂಡಿನ ಚಾಪೆ ಸುತ್ತಿದ್ದರು. ದೇವದಾರು ಹರಪ್ಪದ ಬಯಲಿನಲ್ಲಿ ಬೆಳೆಯುವ ಮರವಲ್ಲ. ಹಿಮಾಲಯದಿಂದ ನದಿಯ ದಾರಿಯಾಗಿ ಬರಬೇಕು. ಮೃತರ ಮೈಮೇಲೆ ಶಂಖದ ಬಳೆ, ತಾಮ್ರದ ಉಂಗುರ, ಬಳಪದ ಕಲ್ಲಿನ ಮಣಿಗಳು. ಪಕ್ಕದಲ್ಲಿ ತಾಮ್ರದ ಕನ್ನಡಿ, ಕಾಡಿಗೆಯ ಕಡ್ಡಿ, ಶಂಖದ ಸೌಟು. ಬಳೆಗಳನ್ನು ಹೆಂಗಸರ ಎಡಗೈಯಲ್ಲಿಯೇ ಹೆಚ್ಚಾಗಿ ಕಂಡಿದ್ದಾರೆ. ಶಂಖವು ಸಮುದ್ರದ ವಸ್ತು. ಸಮುದ್ರವು ಹರಪ್ಪಕ್ಕೆ ನೂರಾರು ಹರದಾರಿ ದೂರ. ಒಂದು ಜೊತೆ ಬಳೆ ಒಬ್ಬಾಕೆಯ ಕೈಗೆ ಬರುವುದಕ್ಕೆ ಕಡಲಿನಲ್ಲಿ ಮುಳುಗುವವನು, ಕೊಯ್ಯುವವನು, ಹೇರು ಸಾಗಿಸುವವನು, ಕೊಳ್ಳುವವನು ಎಲ್ಲರೂ ಬೇಕು. ಆ ವಾಣಿಜ್ಯದ ಒಂದು ಪುಟವು ಆಕೆಯ ಮಣಿಕಟ್ಟಿನಲ್ಲಿದೆ.

ಈ ಗೋರಿಗಳಲ್ಲಿ ಏನಿದೆಯೆಂಬುದಕ್ಕಿಂತ ಏನಿಲ್ಲವೆಂಬುದು ಹೆಚ್ಚು ವಿಚಾರಾರ್ಹವಾದುದು. ಸರಿಸುಮಾರಾಗಿ ಇದೇ ಕಾಲದಲ್ಲಿ ಸುಮೇರಿಯದ ಉರ್ ಪಟ್ಟಣದ ಅರಸರ ಸಮಾಧಿಗಳಲ್ಲಿ ಚಿನ್ನದ ಶಿರೋಭೂಷಣ, ಬೆಳ್ಳಿಯ ದೋಣಿ, ವೀಣೆ, ರಥಗಳೊಡನೆ ಪರಿವಾರದವರನ್ನೂ ಹೂಳುತ್ತಿದ್ದರು. ಲೆನರ್ಡ್ ವುಲಿಯವರು ೧೯೨೦ರ ದಶಕದಲ್ಲಿ ಅಗೆದ ಅಲ್ಲಿಯ ಒಂದೇ ಕುಣಿಯಲ್ಲಿ ೭೪ ಮಂದಿಯ ದೇಹಗಳಿದ್ದುವು. ಅವರಲ್ಲಿ ೬೮ ಮಂದಿ ಸ್ತ್ರೀಯರು. ಐಗುಪ್ತದ ಪಿರಮಿಡ್ಡುಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ. ಸಿಂಧೂ ನಾಡಿನಲ್ಲಿ ಇಂಥದೊಂದೂ ಕಂಡುಬಂದಿಲ್ಲ. ಚಿನ್ನವನ್ನೂ ಕೆಂಪು ಕಲ್ಲಿನ ಉದ್ದ ಮಣಿಗಳನ್ನೂ ಆ ಜನರು ಬಲ್ಲರು. ಮನೆಗಳ ನೆಲದಲ್ಲಿ ಬಚ್ಚಿಟ್ಟ ಒಡವೆಗಳು ಸಿಕ್ಕಿವೆ. ಆದರೆ ಅವನ್ನು ಮಣ್ಣಿಗೆ ಹಾಕುವ ಪದ್ಧತಿ ಇರಲಿಲ್ಲ. ಹರಪ್ಪದ ಒಬ್ಬ ಪುರುಷನ ಕೊರಳಲ್ಲಿ ೩೪೦ ಬಳಪದ ಮಣಿಗಳ ಸರವೂ ಕೆಲವು ಚಿನ್ನದ ಮಣಿಗಳೂ ಇದ್ದುವು, ಅದು ಅಪವಾದ. ಅಧಿಕಾರಸೂಚಕವಾದ ಚಿತ್ರಮುದ್ರೆಗಳನ್ನು ಮೃತರೊಡನೆ ಇಡುವ ರೂಢಿಯೂ ಕಾಣದು. ಸ್ವತ್ತು ಮಕ್ಕಳಿಗೆ ಸೇರತಕ್ಕದ್ದು, ಸತ್ತವನಿಗೆ ಊಟದ ಪಾತ್ರೆಗಳೂ ಮೈಮೇಲಿನ ಅಲಂಕಾರವೂ ಸಾಕು ಎಂಬ ಭಾವನೆ ಇತ್ತೆಂದು ಊಹಿಸಬಹುದು.

ಇದರಿಂದ ಸಿಂಧೂ ಜನರೆಲ್ಲರೂ ಸಮಾನರಾಗಿದ್ದರೆಂದು ತೀರ್ಮಾನಿಸಿದವರಿದ್ದಾರೆ. ಆ ತೀರ್ಮಾನವು ಅವಸರದ್ದು. ಆರ್-೩೭ರಲ್ಲಿ ೧೯೪೬ರವರೆಗೆ ತೆರೆದ ಗೋರಿಗಳು ೫೭. ೧೯೮೭-೮೮ರಲ್ಲಿ ಜಾರ್ಜ್ ಡೇಲ್ಸ್ ಮತ್ತು ಮಾರ್ಕ್ ಕೆನೋಯರ್ ಅವರ ತಂಡದವರು ಅಗೆದಾಗ ಇನ್ನೂ ಹಲವರ ಅವಶೇಷಗಳು ಸೇರಿದುವು. ಎಲ್ಲವನ್ನೂ ಕೂಡಿದರೂ ಕೆಲವು ನೂರನ್ನು ದಾಟದು. ಸಹಸ್ರಾರು ಜನರು ನೆಲೆಸಿದ್ದ ಪಟ್ಟಣದಲ್ಲಿ ಏಳು ನೂರು ವರ್ಷಗಳಲ್ಲಿ ಸತ್ತವರು ಲಕ್ಷಗಟ್ಟಲೆ ಇರಬೇಕು. ಉಳಿದವರೆಲ್ಲ ಎಲ್ಲಿ ಹೋದರು? ಕೆಲವರನ್ನು ಸುಟ್ಟಿರಬಹುದು, ಕೆಲವರನ್ನು ನದಿಗೆ ಬಿಟ್ಟಿರಬಹುದು, ಕೆಲವರನ್ನು ಬಯಲಿನಲ್ಲಿ ಬಿಟ್ಟಿರಬಹುದು. ಹಾಗಾದರೆ ಆರ್-೩೭ ಎಂಬುದು ಊರಿನ ಸ್ಮಶಾನವಲ್ಲ. ಹೂಳುವ ಆಚಾರವಿದ್ದ ಯಾವುದೋ ಒಂದು ಸಮುದಾಯದ ಸ್ಮಶಾನ. ಒಂದು ಸಮುದಾಯದ ಒಳಗೆ ಭೇದವು ಕಾಣದಿದ್ದ ಮಾತ್ರಕ್ಕೆ ಸಮುದಾಯಗಳ ನಡುವೆ ಭೇದವಿರಲಿಲ್ಲವೆಂದು ಹೇಳಲಾಗದು. ಗೋರಿಯೇ ದೊರೆಯದವರು ಬಡವರೋ, ಬೇರೆ ಆಚಾರದ ಶ್ರೀಮಂತರೋ ಎಂಬುದಕ್ಕೆ ಮಣ್ಣು ಉತ್ತರ ಕೊಡುವುದಿಲ್ಲ.

ಮತ್ತೊಂದು ಸಂಗತಿ. ಆರ್-೩೭ರಲ್ಲಿ ಹೊಸ ಕುಣಿಯನ್ನು ತೋಡುವವರು ಹಳೆಯ ಕುಣಿಗೆ ಅಡ್ಡಬಂದಾಗ ಅದರೊಳಗಿನ ಎಲುಬುಗಳನ್ನೂ ಮಡಕೆಗಳನ್ನೂ ಎತ್ತಿ ಬದಿಗೆ ಹಾಕಿದ್ದಾರೆ. ಕಳುಹಿಸುವ ದಿನ ಅಷ್ಟೊಂದು ಶ್ರದ್ಧೆಯಿಂದ ಪಾತ್ರೆಗಳನ್ನು ಜೋಡಿಸಿದವರ ಮೊಮ್ಮಕ್ಕಳೋ ಮರಿಮಕ್ಕಳೋ ಇದನ್ನು ಮಾಡಿರಬೇಕು. ಗೋರಿಯ ಮೇಲೆ ಶಾಶ್ವತವಾದ ಗುರುತನ್ನಿಟ್ಟು ಕಾಯುವ ಉದ್ದೇಶ ಅವರದಾಗಿರಲಿಲ್ಲ. ಸಂಸ್ಕಾರವು ಮುಖ್ಯ, ಸ್ಥಳವು ಮುಖ್ಯವಲ್ಲ ಎಂಬ ಮನೋಭಾವವಿದು. ಸಮಾಧಿಯನ್ನೇ ಅಮರವಾಗಿಸಲು ಹೆಣಗಿದ ಐಗುಪ್ತದವರಿಗೂ ಇವರಿಗೂ ಇಲ್ಲಿ ಬಹಳ ಅಂತರ.

ಇನ್ನು ಎಚ್ ರುದ್ರಭೂಮಿಯ ವಿಷಯ. ಇದರಲ್ಲಿ ಎರಡು ಸ್ತರಗಳಿವೆ. ಕೆಳಗಿನ, ಎಂದರೆ ಹಿಂದಿನ, ಸ್ತರದಲ್ಲಿ ದೇಹಗಳನ್ನು ನೆಲದಲ್ಲಿಯೇ ಮಲಗಿಸಿದ್ದಾರೆ. ಮೇಲಿನ ಸ್ತರದಲ್ಲಿ ಪದ್ಧತಿಯೇ ಬದಲಾಗಿದೆ. ದೇಹವನ್ನು ಮೊದಲು ಬಯಲಿನಲ್ಲಿ ಬಿಟ್ಟು, ತರುವಾಯ ತಲೆಬುರುಡೆಯನ್ನೂ ಉದ್ದ ಎಲುಬುಗಳನ್ನೂ ಆಯ್ದು ದೊಡ್ಡ ಹರವಿಗಳಲ್ಲಿ ತುಂಬಿ ಹೂಳಿದ್ದಾರೆ. ಇಂಥ ಹರವಿಗಳು ನೂರಕ್ಕೂ ಮಿಕ್ಕಿ ದೊರೆತವು. ಶಿಶುಗಳನ್ನು ಮಾತ್ರ ಹೀಗೆ ಮಾಡದೆ, ಗರ್ಭದಲ್ಲಿ ಮುದುಡಿರುವಂತೆಯೇ ಇಡಿಯಾಗಿ ಹರವಿಯೊಳಗೆ ಇಟ್ಟಿದ್ದಾರೆ. ಕೆಂಪು ಮೈಯ ಮೇಲೆ ಕಪ್ಪು ಬಣ್ಣದಿಂದ ನವಿಲು, ಎತ್ತು, ನಕ್ಷತ್ರ, ಎಲೆಬಳ್ಳಿಗಳನ್ನು ಬರೆದಿರುವ ಈ ಪಾತ್ರೆಗಳು ಬಹಳ ಸುಂದರವಾದುವು. ಕೆಲವು ನವಿಲುಗಳ ಹೊಟ್ಟೆಯೊಳಗೆ ಮಲಗಿದ ಪುಟ್ಟ ಮನುಷ್ಯಾಕೃತಿಯೊಂದು ಇದೆ. ಇದು ಪರಲೋಕಕ್ಕೆ ಸಾಗುವ ಜೀವವೆಂದೂ, ನವಿಲು ಅದನ್ನು ಒಯ್ಯುವ ವಾಹನವೆಂದೂ ವತ್ಸರು ಅರ್ಥೈಸಿ ವೇದಮಂತ್ರಗಳ ಸಾಮ್ಯವನ್ನು ಸೂಚಿಸಿದರು.

ಸಂಸ್ಕೃತವನ್ನು ಬಲ್ಲವರಿಗೆ ಈ ಸಾಮ್ಯವು ಆಕರ್ಷಕವಾಗಿ ತೋರುವುದು ಸಹಜ. ಋಗ್ವೇದದ ಹತ್ತನೆಯ ಮಂಡಲದಲ್ಲಿ ೧೪ರಿಂದ ೧೮ರವರೆಗಿನ ಸೂಕ್ತಗಳು ಪಿತೃಗಳಿಗೂ ಅಂತ್ಯಕ್ರಿಯೆಗೂ ಸಂಬಂಧಿಸಿದುವು. ಅಲ್ಲಿ ಅಗ್ನಿದಗ್ಧರಾದ ಪಿತೃಗಳೊಡನೆ ಅನಗ್ನಿದಗ್ಧರಾದ ಪಿತೃಗಳನ್ನೂ ಸ್ಮರಿಸಿದೆ. ಮೃತನಿಗೆ ಮೃದುವಾಗಿರೆಂದು ಭೂಮಿಯನ್ನು ಬೇಡುವ ಮಂತ್ರಗಳೂ ಇವೆ. ದಹನಾನಂತರ ಎಲುಬುಗಳನ್ನು ಆಯ್ದು ಕುಂಭದಲ್ಲಿಡುವ ಸಂಚಯನವನ್ನು ಆಶ್ವಲಾಯನ ಗೃಹ್ಯಸೂತ್ರವು ವಿಧಿಸುತ್ತದೆ. ಶತಪಥ ಬ್ರಾಹ್ಮಣದ ಹದಿಮೂರನೆಯ ಕಾಂಡವು ಸ್ಮಶಾನಗಳ ಆಕಾರವನ್ನು ಚರ್ಚಿಸುವಾಗ, ಚತುರಸ್ರವಾದುದು ದೈವೀ ಪ್ರಜೆಗಳದೆಂದೂ ವರ್ತುಲವಾದುದು ಆಸುರೀ ಪ್ರಜೆಗಳದೆಂದೂ ಹೇಳಿ, ಹಿಂದೆ ಈ ದೇಶದಲ್ಲಿ ಒಂದಕ್ಕಿಂತ ಹೆಚ್ಚಿನ ಆಚಾರಗಳು ಅಕ್ಕಪಕ್ಕದಲ್ಲಿದ್ದುವೆಂಬುದಕ್ಕೆ ಸಾಕ್ಷಿ ನುಡಿಯುತ್ತದೆ. ಇಷ್ಟಾದರೂ ಹರಪ್ಪದ ಹರವಿಗಳ ಎಲುಬುಗಳು ಸುಟ್ಟವಲ್ಲ; ಗೃಹ್ಯಸೂತ್ರದ ಕುಂಭದಲ್ಲಿರಬೇಕಾದುವು ಸುಟ್ಟ ಎಲುಬುಗಳು. ಎರಡು ಆಚಾರಗಳು ಒಂದನ್ನೊಂದು ಹೋಲಬಹುದು. ಹೋಲಿಕೆಯಿಂದಲೇ ಸಂಬಂಧವು ಸಿದ್ಧಿಸದು. ಹರವಿಯ ಮೇಲಿನ ನವಿಲು ಯಾವ ಭಾಷೆಯ ಮಂತ್ರವನ್ನು ಕೇಳಿತ್ತೆಂಬುದನ್ನು ಆ ಚಿತ್ರವು ಹೇಳಲಾರದು.

ಹೋಲಿಕೆಯನ್ನು ಸಂಬಂಧವೆಂದು ಎಣಿಸುವುದರಿಂದ ಬರುವ ಅನರ್ಥಕ್ಕೆ ಮೊಹೆಂಜೊದಾರೊದ ಪ್ರಸಂಗವು ದೊಡ್ಡ ಉದಾಹರಣೆ. ಅಲ್ಲಿ ರುದ್ರಭೂಮಿ ದೊರೆಯಲಿಲ್ಲವೆಂದು ಮೇಲೆ ಹೇಳಿದೆ. ಆದರೆ ಊರೊಳಗೆ, ಬೀದಿಯಲ್ಲಿಯೂ ಮನೆಯ ಕೋಣೆಯಲ್ಲಿಯೂ ಬಾವಿಯ ಮೆಟ್ಟಿಲ ಬಳಿಯಲ್ಲಿಯೂ, ಅಸ್ತವ್ಯಸ್ತವಾಗಿ ಬಿದ್ದಿದ್ದ ನಲವತ್ತರ ಒಳಗಿನ ಅಸ್ಥಿಪಂಜರಗಳು ಸಿಕ್ಕಿದ್ದುವು. ೧೯೪೬ರಲ್ಲಿ ಹರಪ್ಪದ ಕೋಟೆಗೋಡೆಯನ್ನು ಶೋಧಿಸಿದ ವೀಲರರಿಗೆ ಋಗ್ವೇದದ ಇಂದ್ರನು ‘ಪುರಂದರ’ ಎಂಬುದು ಹೊಳೆಯಿತು. ಕೋಟೆಗಳನ್ನು ಒಡೆದವನು ಇಂದ್ರ, ಇಲ್ಲಿವೆ ಕೋಟೆಗಳು, ಇಗೋ, ಹತರಾದವರು! ಮೊಹೆಂಜೊದಾರೊದ ಆ ದೇಹಗಳು ಆರ್ಯರ ದಾಳಿಯಲ್ಲಿ ಕೊಲೆಗೀಡಾದವರವೆಂದೂ, ಆ ನಾಗರಿಕತೆಯ ಅಳಿವಿಗೆ ಇಂದ್ರನೇ ಆರೋಪಿಯೆಂದೂ ೧೯೪೭ರಲ್ಲಿ ಅವರು ಪ್ರಕಟಿಸಿದರು. ವೀಲರರು ಸೈನ್ಯದಲ್ಲಿದ್ದವರು, ವಾಕ್ಪಟುಗಳು. ಅವರ ಮಾತು ಪಾಠಪುಸ್ತಕಗಳನ್ನು ಸೇರಿ ಒಂದು ತಲೆಮಾರಿನ ಬಾಲಕರಿಗೆ ಚರಿತ್ರೆಯೇ ಆಯಿತು.

ಜಾರ್ಜ್ ಡೇಲ್ಸ್ ಅವರು ೧೯೬೪ರಲ್ಲಿ ಈ ಆರೋಪವನ್ನು ಪುನಃ ವಿಚಾರಣೆಗೆ ತಂದರು. ಅವರ ಪ್ರಶ್ನೆಗಳು ನ್ಯಾಯಾಲಯದ ಪ್ರಶ್ನೆಗಳಂತೆ ಸರಳವಾಗಿದ್ದುವು. ಈ ದೇಹಗಳೆಲ್ಲ ಒಂದೇ ದಿನ, ಅಥವಾ ಒಂದೇ ಕಾಲದಲ್ಲಿ ಬಿದ್ದವೇ? ಇಲ್ಲ, ಅವು ಬೇರೆ ಬೇರೆ ಪದರಗಳಿಗೆ ಸೇರಿದುವು, ಹಲವು ಪಾಳುಬಿದ್ದ ಮನೆಗಳ ಮಣ್ಣಿನೊಳಗೆ ಸಡಿಲವಾಗಿ ಹೂತವು. ನಗರವನ್ನು ಕಾಯುವವರು ಕೊನೆಯದಾಗಿ ನಿಲ್ಲುವ ಸ್ಥಳ ಕೋಟೆ, ಕೋಟೆಯಲ್ಲಿ ದೇಹಗಳಿವೆಯೇ? ಒಂದೂ ಇಲ್ಲ. ಯುದ್ಧದಲ್ಲಿ ಸುಟ್ಟ ಬಾಗಿಲು, ಮುರಿದ ಆಯುಧಗಳಿವೆಯೇ? ಕಾಣವು. ಮುಂದೆ ಕೆನೆತ್ ಕೆನಡಿಯವರು ಎಲುಬುಗಳನ್ನೇ ಕೈಗೆತ್ತಿಕೊಂಡು ಪರೀಕ್ಷಿಸಿದಾಗ, ಆಯುಧದ ಪೆಟ್ಟೆಂದು ಹಿಂದಿನವರು ಬರೆದಿದ್ದ ಗುರುತುಗಳಲ್ಲಿ ಬಹುಪಾಲು ಹಳೆಯವಾಗಿ ಮಾಗಿದ ಗಾಯಗಳೆಂದೂ, ಮಣ್ಣಿನ ಒತ್ತಡದಿಂದ ಆದ ಬಿರುಕುಗಳೆಂದೂ ತಿಳಿದುಬಂತು. ಕಾಲಗಣನೆಯೂ ಆರೋಪಕ್ಕೆ ವಿರೋಧವಾಯಿತು: ನಗರಗಳು ಬರಿದಾದುದು ಕ್ರಿ. ಪೂ. ೧೯೦೦ರ ಸುಮಾರಿಗೆ, ಋಗ್ವೇದಕ್ಕೆ ಪಂಡಿತರು ಸಾಮಾನ್ಯವಾಗಿ ಹೇಳುವ ಕಾಲ ಅದಕ್ಕೆ ಹಲವು ಶತಮಾನಗಳ ಈಚಿನದು. ಅಂತು ಹದಿನೇಳು ವರ್ಷಗಳ ಬಳಿಕ ಇಂದ್ರನು ಸಾಕ್ಷ್ಯಾಭಾವದಿಂದ ಬಿಡುಗಡೆ ಹೊಂದಿದನು. ಆದರೆ ಅಪವಾದವು ಕಳಚುವುದಕ್ಕೆ ಅಪವಾದವು ಹಬ್ಬುವುದಕ್ಕಿಂತ ಹೆಚ್ಚು ಕಾಲ ಬೇಕು. ಸತ್ತವರನ್ನು ತಮ್ಮ ಪೂರ್ವಿಕರೆಂದು ಎಣಿಸಿದವರೂ, ಕೊಂದವರೆನಿಸಿಕೊಂಡವರನ್ನು ತಮ್ಮ ಪೂರ್ವಿಕರೆಂದು ಎಣಿಸಿದವರೂ ನಡೆಯದ ಯುದ್ಧವೊಂದಕ್ಕಾಗಿ ಇಂದಿಗೂ ವಾದಿಸುವುದುಂಟು.

ಸ್ವಾತಂತ್ರ್ಯಾನಂತರ ಹರಪ್ಪ, ಮೊಹೆಂಜೊದಾರೊಗಳು ಗಡಿಯ ಆಚೆ ಉಳಿದುದರಿಂದ ಭಾರತದ ಶೋಧಕರು ಈಚೆಯ ನೆಲದಲ್ಲಿ ಹುಡುಕತೊಡಗಿದರು. ಗುಜರಾತಿನ ಲೋಥಲವನ್ನು ೧೯೫೫ರಿಂದ ಅಗೆಸಿದವರು ಮಲೆನಾಡಿನ ಸಾಗರ ಸೀಮೆಯ ಆನಂದಪುರದಲ್ಲಿ ಹುಟ್ಟಿದ ಕನ್ನಡಿಗರಾದ ಶಿಕಾರಿಪುರ ರಂಗನಾಥರಾಯರು. ಅಲ್ಲಿಯ ರುದ್ರಭೂಮಿಯಲ್ಲಿ ಸುಮಾರು ೨೦ ಗೋರಿಗಳು ದೊರೆತವು. ಅವುಗಳಲ್ಲಿ ಮೂರರಲ್ಲಿ ಇಬ್ಬಿಬ್ಬರನ್ನು ಒಟ್ಟಿಗೆ ಮಲಗಿಸಿದ್ದರು. ಇದು ಗಂಡನೊಡನೆ ಹೆಂಡತಿಯೂ ಸಾಯುವ ಸಹಗಮನದ ಪ್ರಾಚೀನ ರೂಪವಿರಬಹುದೇ ಎಂಬ ಮಾತು ಹುಟ್ಟಿತು. ಎಲುಬುಗಳನ್ನು ಮರುಪರೀಕ್ಷಿಸಿದ ಶಾರೀರ ಶಾಸ್ತ್ರಜ್ಞರು ಈ ಜೋಡಿಗಳೆಲ್ಲ ಸ್ತ್ರೀಪುರುಷರವೆಂಬುದನ್ನೇ ಶಂಕಿಸಿದರು. ಇಬ್ಬರೂ ಪುರುಷರೆಂದು ತೋರುವ ಜೋಡಿಯೂ ಉಂಟೆಂದರು. ಒಂದೇ ಕುಣಿಯಲ್ಲಿ ಇಬ್ಬರಿದ್ದರೆ ಅವರು ದಂಪತಿಗಳೇ ಆಗಬೇಕೆಂಬ ನಿಯಮವಿಲ್ಲ. ಒಂದೇ ಜ್ವರಕ್ಕೆ ಇಬ್ಬರು ಸೋದರರೂ ಬಲಿಯಾಗಬಹುದು.

ರಾಜಸ್ಥಾನದಲ್ಲಿ ಘಗ್ಗರ್ ನದಿಯ ಒಣಪಾತ್ರದ ದಂಡೆಯಲ್ಲಿರುವ ಕಾಲೀಬಂಗನ್ ಮತ್ತೊಂದು ಒಗಟನ್ನು ಒಡ್ಡಿತು. ಬಿ. ಬಿ. ಲಾಲ್ ಮತ್ತು ಬಿ. ಕೆ. ಥಾಪರ್ ಅವರು ೧೯೬೦ರ ದಶಕದಲ್ಲಿ ನಡೆಸಿದ ಶೋಧನೆಯಲ್ಲಿ ಮೂರು ಬಗೆಯ ಗೋರಿಗಳು ಕಂಡುವು. ಮೊದಲನೆಯ ಬಗೆಯಲ್ಲಿ ದೇಹವಿದೆ, ಪಾತ್ರೆಗಳಿವೆ. ಎರಡನೆಯದು ದುಂಡನೆಯ ಕುಣಿ, ನಡುವೆ ದೊಡ್ಡ ಹರವಿ, ಸುತ್ತಲೂ ಸಣ್ಣ ಪಾತ್ರೆಗಳು, ಎಲುಬಿಲ್ಲ. ಮೂರನೆಯದು ಮನುಷ್ಯನ ಅಳತೆಯ ಉದ್ದ ಕುಣಿ, ಪಾತ್ರೆಗಳಿವೆ, ಮನುಷ್ಯನಿಲ್ಲ. ಕಚ್ಛದ ಧೋಳಾವೀರಾದಲ್ಲಿ ಆರ್. ಎಸ್. ಬಿಷ್ಟರು ತೆರೆದ ಸಮಾಧಿಗಳಲ್ಲಿ ಈ ಶೂನ್ಯತೆ ಇನ್ನೂ ಸ್ಫುಟವಾಗಿದೆ. ಅಲ್ಲಿ ಕಲ್ಲುಚಪ್ಪಡಿಗಳಿಂದ ಕಟ್ಟಿದ ಗೋರಿಗಳಲ್ಲಿ ಬಹುಪಾಲು ಬರಿದು. ಅರ್ಧಗೋಳಾಕಾರದ ದೊಡ್ಡ ದಿಬ್ಬಗಳಲ್ಲಿ ಒಂದು, ಅರೆಗಾಲುಗಳುಳ್ಳ ಚಕ್ರದಂತೆ ಹಸಿ ಇಟ್ಟಿಗೆಯ ಗೋಡೆಗಳಿಂದ ರಚಿತವಾಗಿದೆ. ಬಂಡೆಯಲ್ಲಿ ಕಡಿದ ಕೋಣೆಯಲ್ಲಿ ತಾಮ್ರದ ತಂತಿಯಲ್ಲಿ ಪೋಣಿಸಿದ ಬಳಪದ ಮಣಿಗಳ ಸರ, ಚಿನ್ನದ ಬಳೆ ದೊರೆತವು. ದೇಹ ಮಾತ್ರ ಇಲ್ಲ. ಪರದೇಶದಲ್ಲಿಯೋ ಕಡಲಿನಲ್ಲಿಯೋ ತೀರಿಕೊಂಡವರಿಗೆ ಮನೆಯವರು ಸಲ್ಲಿಸಿದ ಸ್ಮಾರಕವೇ? ದೇಹವನ್ನು ಸುಟ್ಟವರು ಹೆಸರಿಗೆ ಮಾತ್ರ ಸಮಾಧಿ ಕಟ್ಟಿದರೇ? ದೇಹವು ದೊರೆಯದಿದ್ದಾಗ ದರ್ಭೆಯ ಪ್ರತಿಕೃತಿಗೆ ಸಂಸ್ಕಾರಮಾಡುವ ವಿಧಿಯನ್ನು ಬಲ್ಲ ನಾಡಿನವರಿಗೆ ಈ ಬರಿಗೋರಿಗಳು ತೀರ ಅಪರಿಚಿತವೆನಿಸಲಾರವು. ಆದರೂ ಮೊದಲೇ ಹೇಳಿದ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ.

ಒಂದೇ ಅಳತೆಯ ಇಟ್ಟಿಗೆ, ಒಂದೇ ತೂಕದ ಕಲ್ಲು, ಒಂದೇ ಲಿಪಿ ಇದ್ದ ಜನರಲ್ಲಿ ಮರಣಸಂಸ್ಕಾರವು ಮಾತ್ರ ಇಷ್ಟು ಬಗೆಯಾಗಿರುವುದು ಗಮನಾರ್ಹ. ಬೀದಿಯ ಅಗಲಕ್ಕೂ ತಕ್ಕಡಿಯ ತೂಕಕ್ಕೂ ನಿಯಮವನ್ನು ವಿಧಿಸಿದ ಆ ಅಜ್ಞಾತವಾದ ಅಧಿಕಾರವು ಕುಟುಂಬಗಳ ಅಂತ್ಯಕ್ರಿಯೆಯಲ್ಲಿ ಕೈಹಾಕಲಿಲ್ಲ. ವ್ಯವಹಾರಕ್ಕೆ ಒಂದೇ ಮಾನ, ಆಚಾರಕ್ಕೆ ಹಲವು ದಾರಿ ಎಂಬ ಪದ್ಧತಿ ಈ ದೇಶದಲ್ಲಿ ಬಹಳ ಹಳೆಯದಾಗಿ ತೋರುತ್ತದೆ.

ಈಚಿನ ದಶಕಗಳಲ್ಲಿ ಶೋಧಕರ ದೃಷ್ಟಿ ಪಾತ್ರೆಗಳಿಂದ ಎಲುಬುಗಳ ಕಡೆಗೆ ತಿರುಗಿದೆ. ಹರಪ್ಪದ ಹಲ್ಲುಗಳನ್ನು ಪರೀಕ್ಷಿಸಿದ ಜಾನ್ ಲೂಕಾಕ್ಸ್ ಅವರು ಗಂಡಸರಿಗಿಂತ ಹೆಂಗಸರಲ್ಲಿ ಹುಳುಕು ಹಲ್ಲು ಹೆಚ್ಚೆಂದು ಕಂಡರು; ಆಹಾರದ ವ್ಯತ್ಯಾಸವೂ ಮತ್ತೆ ಮತ್ತೆ ಗರ್ಭಧರಿಸುವುದೂ ಇದಕ್ಕೆ ಕಾರಣವಿರಬಹುದು. ಹಲ್ಲಿನ ಹೊರಕವಚವು ಬಾಲ್ಯದಲ್ಲಿ ರೂಪುಗೊಂಡು ಮತ್ತೆ ಬದಲಾಗುವುದಿಲ್ಲ; ಮಗುವು ಬೆಳೆದ ಊರಿನ ನೀರು, ಮಣ್ಣುಗಳಲ್ಲಿರುವ ಸ್ಟ್ರಾಂಷಿಯಂ ಎಂಬ ಧಾತುವಿನ ಗುರುತು ಅದರಲ್ಲಿ ಉಳಿದಿರುತ್ತದೆ. ಈ ಗುರುತನ್ನು ಅಳೆದ ಕೆನೋಯರ್ ಮತ್ತು ಸಂಗಡಿಗರು ೨೦೧೩ರಲ್ಲಿ, ಆರ್-೩೭ರಲ್ಲಿರುವವರಲ್ಲಿ ಅನೇಕರು ಹರಪ್ಪದಲ್ಲಿ ಹುಟ್ಟಿದವರಲ್ಲ, ಹೊರಗಿನಿಂದ ಬಂದವರು ಎಂದು ತೋರಿಸಿದರು. ಸ್ಥಳೀಯರಾದ ಹೆಂಗಸರ ಪಕ್ಕದಲ್ಲಿ ಪರಸ್ಥಳದ ಗಂಡಸರಿದ್ದ ನಿದರ್ಶನಗಳೂ ಇದ್ದುವು. ಮಗಳನ್ನು ಕಳುಹಿಸದೆ ಅಳಿಯನನ್ನು ಮನೆಗೆ ತಂದುಕೊಳ್ಳುವ ಪದ್ಧತಿಯೇ, ವ್ಯಾಪಾರಕ್ಕೆ ಬಂದು ನೆಲೆಸಿದವರೇ ಎಂಬುದು ಚರ್ಚೆಯಲ್ಲಿದೆ. ಒಂದು ಮಾತು ನಿಶ್ಚಿತ: ಹರಪ್ಪ ಪಟ್ಟಣವು ಬೇರೆಡೆಯವರನ್ನು ಕರೆದುಕೊಂಡು, ತನ್ನವರೊಡನೆ ಒಂದೇ ನೆಲದಲ್ಲಿ ಮಲಗಿಸಿತು.

ಇದರ ಜೊತೆಗೆ ಮನಸ್ಸಿಗೆ ಹಿತವಲ್ಲದ ಸಾಕ್ಷ್ಯವೂ ಇದೆ. ಗ್ವೆನ್ ರಾಬಿನ್ಸ್ ಶುಗ್ ಮತ್ತು ಸಂಗಡಿಗರು ೨೦೧೨, ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ನಗರವು ಕುಗ್ಗುತ್ತಿದ್ದ ಕಾಲದ ಹರಪ್ಪದ ತಲೆಬುರುಡೆಗಳಲ್ಲಿ ಪೆಟ್ಟಿನ ಗುರುತುಗಳೂ, ಕುಷ್ಠ, ಕ್ಷಯ ಮೊದಲಾದ ರೋಗಗಳ ಚಿಹ್ನೆಗಳೂ ಹಿಂದಿಗಿಂತ ಹೆಚ್ಚಾದುವೆಂದು ತೋರಿಸಿದ್ದಾರೆ. ರುದ್ರಭೂಮಿಯ ಹೊರಗೆ, ಊರಿನ ಅಂಚಿನಲ್ಲಿ ಒಟ್ಟುಗೂಡಿಸಿ ಹಾಕಿದ್ದ ಕೆಲವರ ಎಲುಬುಗಳಲ್ಲಿ ಇವು ಬಹಳವಾಗಿವೆ. ಸಿಂಧೂ ಜನರು ಕಲಹವನ್ನೇ ಅರಿಯದ ಶಾಂತಮೂರ್ತಿಗಳೆಂಬ ನಂಬಿಕೆಯೂ, ಅವರು ಹೊರಗಿನವರ ಕತ್ತಿಗೆ ಬಲಿಯಾದರೆಂಬ ನಂಬಿಕೆಯೂ ಈ ಎಲುಬುಗಳ ಮುಂದೆ ನಿಲ್ಲುವುದಿಲ್ಲ. ಮಳೆ ಕಡಮೆಯಾಗಿ, ನದಿಗಳು ಪಾತ್ರ ಬದಲಿಸಿ, ವ್ಯಾಪಾರ ನಿಂತು, ಊರು ಇಕ್ಕಟ್ಟಿಗೆ ಸಿಕ್ಕಾಗ, ಅದರ ಭಾರವು ದುರ್ಬಲರ ಮೇಲೆ ಮೊದಲು ಬಿದ್ದಿತೆಂಬುದೇ ಅವು ಹೇಳುವ ಕಥೆ. ಶತ್ರುವು ಹೊರಗಿನಿಂದ ಬಂದನೆಂಬ ಕಥೆಗಿಂತ ಇದು ಕೇಳಲು ಕಷ್ಟವಾದುದು.

ಕಡೆಯದಾಗಿ ರಾಖೀಗಢಿಯ ಮಾತು. ಹರಿಯಾಣದ ಹಿಸ್ಸಾರ ಜಿಲ್ಲೆಯ ಈ ದೊಡ್ಡ ನೆಲೆಯ ರುದ್ರಭೂಮಿಯನ್ನು ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂದೆಯವರ ನೇತೃತ್ವದಲ್ಲಿ ಅಗೆದು, ಎಲುಬುಗಳಿಂದ ವಂಶವಾಹಕ ದ್ರವ್ಯವನ್ನು ತೆಗೆಯಲು ಯತ್ನಿಸಿದರು. ನಮ್ಮ ದೇಶದ ಬಿಸಿಲಿನಲ್ಲಿ ಆ ದ್ರವ್ಯವು ಬೇಗ ನಾಶವಾಗುತ್ತದೆ. ಪರೀಕ್ಷಿಸಿದ ೬೧ ಮಾದರಿಗಳಲ್ಲಿ ಓದಲು ಸಾಧ್ಯವಾದುದು ಒಂದೇ ಒಂದು, ಅದೊಬ್ಬ ಸ್ತ್ರೀಯದು. ೨೦೧೯ರಲ್ಲಿ ಪ್ರಕಟವಾದ ವರದಿಯಂತೆ ಆಕೆಯಲ್ಲಿ ಈ ಖಂಡದ ಪ್ರಾಚೀನ ಬೇಟೆಗಾರರ ಅಂಶವೂ, ಇರಾನಿನ ಕಡೆಯ ಪ್ರಾಚೀನ ಜನರಿಗೆ ಸಂಬಂಧವುಳ್ಳ ಅಂಶವೂ ಕೂಡಿವೆ. ಮಧ್ಯ ಏಷ್ಯದ ಹುಲ್ಲುಗಾವಲಿನ ಪಶುಪಾಲಕರ ಅಂಶವಿಲ್ಲ. ಆಕೆಯ ಬಗೆಯ ಜನರೇ ಇಂದಿನ ದಕ್ಷಿಣ ಏಷ್ಯದ ಬಹುಪಾಲು ಜನರ ಪೂರ್ವಿಕರಲ್ಲಿ ಮುಖ್ಯರಾದವರು. ಅದೇ ಕಾಲಕ್ಕೆ ಹೊರಬಿದ್ದ ಇನ್ನೊಂದು ಅಧ್ಯಯನವು ಹುಲ್ಲುಗಾವಲಿನ ಅಂಶವು ಕ್ರಿ. ಪೂ. ೨೦೦೦ದಿಂದ ೧೫೦೦ರ ನಡುವೆ ಈ ಖಂಡಕ್ಕೆ ಬಂದಿತೆಂದು ಹೇಳಿತು. ಕೂಡಲೇ ಎರಡು ಪಕ್ಷದವರೂ ಆಕೆಯನ್ನು ತಮ್ಮ ಸಾಕ್ಷಿಯೆಂದು ಕರೆದರು. ಒಬ್ಬರು, ಆರ್ಯರೆಂಬವರು ಹೊರಗಿನಿಂದ ಬರಲೇ ಇಲ್ಲವೆಂಬುದು ಇದರಿಂದ ಸಿದ್ಧವೆಂದರು. ಮತ್ತೊಬ್ಬರು, ಅನಂತರ ಬಂದರೆಂಬುದು ಇದರಿಂದಲೇ ಸಿದ್ಧವೆಂದರು. ಒಂದು ದೇಹದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮಾತ್ರ ಆ ದ್ರವ್ಯವು ತೋರಿಸುತ್ತದೆ. ಆಕೆಯ ಮಾತು ಯಾವ ಭಾಷೆಯದು, ಆಕೆಯ ದೇವರು ಯಾರು ಎಂಬುದು ಎಲುಬಿನಲ್ಲಿ ಬರೆದಿರುವುದಿಲ್ಲ. ಜನರು ಬರುವುದು, ಬೆರೆಯುವುದು ಒಂದು ವಿಷಯ; ಕೋಟೆಯನ್ನು ಒಡೆದು ಕೊಲ್ಲುವುದು ಬೇರೊಂದು ವಿಷಯ. ಮೊದಲನೆಯದಕ್ಕೆ ಸಾಕ್ಷ್ಯವಿದ್ದರೆ ಎರಡನೆಯದು ತಾನಾಗಿ ಸಿದ್ಧಿಸದು. ಎರಡನೆಯದು ಸುಳ್ಳಾದರೆ ಮೊದಲನೆಯದೂ ಸುಳ್ಳಾಗಬೇಕಾಗಿಲ್ಲ.

ಇದನ್ನೆಲ್ಲ ಒಟ್ಟಿಗೆ ನೋಡಿದಾಗ ಒಂದು ವಿಚಾರವು ಸ್ಪಷ್ಟವಾಗುತ್ತದೆ. ಹರಪ್ಪದ ಮೃತರು ನೂರು ವರ್ಷಗಳಿಂದ ಕೊಟ್ಟ ಸಾಕ್ಷ್ಯವು ಬಹುಮಟ್ಟಿಗೆ ಒಂದೇ. ಕೇಳುವವರ ಇಚ್ಛೆಗಳು ಬದಲಾಗಿವೆ. ಯುದ್ಧವನ್ನು ಕಾಣಬಯಸಿದವರಿಗೆ ಯುದ್ಧವು ಕಂಡಿತು, ಸಮತೆಯನ್ನು ಕಾಣಬಯಸಿದವರಿಗೆ ಸಮತೆಯು ಕಂಡಿತು, ತಮ್ಮ ವಂಶದ ಹಿರಿಮೆಯನ್ನು ಕಾಣಬಯಸಿದವರಿಗೆ ಅದೇ ಕಂಡಿತು. ಪದರವನ್ನು ಅಳೆದು, ಗಾಯವು ಮಾಗಿದೆಯೇ ಇಲ್ಲವೇ ಎಂದು ನೋಡಿ, ಇಲ್ಲದುದನ್ನು ಇಲ್ಲವೆಂದೇ ಬರೆದವರಿಂದ ಮಾತ್ರ ಶಾಸ್ತ್ರವು ಮುಂದುವರಿಯಿತು. ಪ್ರತ್ಯಕ್ಷ, ಅನುಮಾನಗಳ ಮೇರೆಯನ್ನು ಅರಿಯುವುದು ತರ್ಕಶಾಸ್ತ್ರದ ಮೊದಲ ಪಾಠ. ಹೇತುವು ಸರಿಯಾಗಿಲ್ಲದಿದ್ದರೆ ಅನುಮಾನವು ಎಷ್ಟು ರಮ್ಯವಾಗಿದ್ದರೂ ಆಭಾಸವೇ. ಆ ಪಾಠವನ್ನು ಸ್ಮಶಾನದಲ್ಲಿಯೂ ಮರೆಯಲಾಗದು.

ಮೃತರು ತಮ್ಮ ಪರವಾಗಿ ಮಾತಾಡಲಾರರು. ತಮ್ಮ ಹೆಸರಿನಲ್ಲಿ ಇತರರು ಆಡಿದ ಮಾತನ್ನು ತಿದ್ದಲಾರರು. ಆದುದರಿಂದ ಅವರ ವಿಷಯದಲ್ಲಿ ಸತ್ಯವನ್ನು ನುಡಿಯುವ ಹೊಣೆಯು ಜೀವಂತರ ವಿಷಯಕ್ಕಿಂತ ಹೆಚ್ಚಿನದು. ಹರಪ್ಪದವರು ತಮ್ಮ ಬಂಧುವಿನ ತಲೆಯನ್ನು ಉತ್ತರಕ್ಕೆ ತಿರುಗಿಸಿ, ಪಕ್ಕದಲ್ಲಿ ನೀರಿನ ಕೊಡವನ್ನಿಟ್ಟು, ಎಡಗೈಯ ಶಂಖದ ಬಳೆಯನ್ನು ಹಾಗೆಯೇ ಬಿಟ್ಟು ಮಣ್ಣು ಮುಚ್ಚಿದರು. ಇಷ್ಟು ನಿಶ್ಚಯವಾಗಿ ತಿಳಿದಿದೆ. ಅಗಲಿದವರಿಗೆ ದಾರಿಯಲ್ಲಿ ಬಾಯಾರಿಕೆಯಾಗಬಾರದೆಂದು ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಒಬ್ಬರು ಚಿಂತಿಸಿದ್ದರೆಂಬುದನ್ನು ತಿಳಿಯುವುದಕ್ಕೆ ಅವರ ಲಿಪಿಯನ್ನು ಓದಬೇಕಾಗಿಲ್ಲ.